ಸಂದಿಲ್ಲದ ಶಿಲುಬೆ

ಹೊಳೆಯ ದಂಡೆಯಲ್ಲೊಂದು ಇಗರ್ಜಿ. ಅದರ ಅಂಗಳದಲ್ಲಿ ಬಹಳ ಹಳೇ ಕಾಲದ ಕಲ್ಲಿನ ಶಿಲುಬೆ. ಎರಡೂ ತೋಳು ಎಂದೋ ಮುರಿದು, ಎದೆಮಟ್ಟದ ಕಂಬವಷ್ಟೇ ಉಳಿದಿತ್ತು.

ಕಲ್ಲುಕುಟಿಗ ಕೈತಾನ್ ಗುರುಗಳ ಹತ್ತಿರ ಪಾಸ್ಕು ಕೆಲಸ ಕಲಿಯುತ್ತಿದ್ದ. ಹೊಸ ಶಿಲುಬೆಯೊಂದನ್ನು ತಾನೇ ಕೆತ್ತಿ ಮುಗಿಸಿದ್ದ. ಅವನ ಸ್ವಂತದ ಮೊದಲ ಕೆಲಸ ಅದು.

“ಗುರುಗಳೇ, ಆ ಮೋಟನ್ನು ಕಿತ್ತು ನನ್ನದನ್ನು ನಿಲ್ಲಿಸಲಾ? ಭಾನುವಾರ ಪಾದ್ರಿಗಳು ಆಶೀರ್ವಾದ ಮಾಡುತ್ತಾರಂತೆ.”

“ಯಾಕೆ ಕೀಳಬೇಕು?”

“ನಾಚಿಕೆಯಾಗುತ್ತದೆ. ಮೊನ್ನೆ ಆಚೆ ದಡದವರು ಬಂದು, ‘ಇದೇನು, ಎಮ್ಮೆ ಕಟ್ಟುವ ಗೂಟವಾ?’ ಅಂತ ನಕ್ಕರು.”

“ನೀನೇನಂದೆ?”

“ನಾನೂ ನಕ್ಕೆ.”

ಗುರುಗಳು ಬಾಯಲ್ಲಿದ್ದ ಎಲೆ ಉಗಿದು, “ಹೋಗು, ಕೀಳು,” ಎಂದರು.

ಪಾದಕ್ಕೊಂದು ಕಲ್ಲು, ಕಂಬಕ್ಕೊಂದು, ತೋಳಿಗೊಂದು. ಪಾಸ್ಕು ಕಲಿತ ಶಿಲುಬೆ ಹಾಗೆ. ಕಂಬದ ಬುಡದಲ್ಲಿ ಸುತ್ತಲೂ ಗೆರೆ ಕಂಡಿತು. ಸಂದು ಇದೇ ಅಂದುಕೊಂಡು ಉಳಿಯಿಟ್ಟು ಹೊಡೆದ.

ಉಳಿಯ ಮೊನೆ ಮುರಿಯಿತು.

“ಇಲ್ಲಿ ಸಂದೇ ಇಲ್ಲ ಗುರುಗಳೇ! ಅಂದಕ್ಕೆ ಕೊರೆದ ಗೆರೆ ಇದು. ಕಂಬ, ಪಾದ ಎರಡೂ ಒಂದೇ ಕಲ್ಲು.”

“ನಮ್ಮ ಗುರುಗಳ ಉಳಿಯೂ ಅಲ್ಲೇ ಮುರಿದದ್ದು ಮಾರಾಯ.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದರೆ ನಂಬುತ್ತಿದ್ದೆಯಾ?”

ಪಾಸ್ಕು ತಲೆ ಕೆರೆದುಕೊಂಡ. “ಈಗ ನನ್ನದನ್ನು ಎಲ್ಲಿ ನಿಲ್ಲಿಸಲಿ?”

“ಅದರ ಪಾದ ಮುಗಿಯುತ್ತದಲ್ಲ, ಅದರಾಚೆ.”

ಪಾಸ್ಕು ಪಿಕಾಸಿ ಹಿಡಿದು ಮಣ್ಣು ಕೆರೆದ. ಪಾದ ಅಗಲವಾಗುತ್ತಲೇ ಹೋಯಿತು. ಸತ್ತವರನ್ನು ಹೊತ್ತು ತಂದು ಒಂದು ಗಳಿಗೆ ಇಳಿಸುವ ಜಾಗದಲ್ಲೂ ಅದೇ ಕಲ್ಲು. ಇಗರ್ಜಿಯ ಗೋಡೆ ಕೂತದ್ದೂ ಅದರ ಮೇಲೆ. ಕೆರೆಯುತ್ತ ಕೆರೆಯುತ್ತ ಹೊಳೆ ಬಂತು. ದೋಣಿ ಕಟ್ಟುವ ಪಾದೆಗಲ್ಲೂ ಅದೇ, ನೀರಿನೊಳಗೆ ಇಳಿದು ಹೋಗಿತ್ತು.

ಹಿಂದಿನವರು ಎಲ್ಲಿಂದಲೋ ಕಲ್ಲು ತಂದು ನೆಟ್ಟಿರಲಿಲ್ಲ. ಬಂಡೆಯನ್ನೇ ಸುತ್ತ ಕಡಿದು ತೆಗೆದು, ನಡುವೆ ಶಿಲುಬೆಯೊಂದನ್ನು ಬಿಟ್ಟಿದ್ದರು.

ಪಾಸ್ಕು ಮೈತುಂಬ ಮಣ್ಣಾಗಿ ಓಡಿ ಬಂದ. ಎದೆ ಉಬ್ಬಿತ್ತು.

“ಮುಗಿಯುವುದೇ ಇಲ್ಲ ಗುರುಗಳೇ! ಹೊಳೆಯಡಿಗೂ ಹೋಗಿದೆ. ನಾವೆಲ್ಲ ಅದರ ಮೇಲೇ ಇದ್ದೇವೆ!”

“ನಿನ್ನ ಶಿಲುಬೆ?”

“ಬೇರೆ ಊರಿಗೆ ಹೋಗಲಿ. ನಮ್ಮೂರಿಗೆ ಇದೇ ಸಾಕು.” ಆಮೇಲೆ ಸ್ವಲ್ಪ ಅಳುಕಿ, “ಆದರೂ ಮುರಿದ ಶಿಲುಬೆಯಲ್ಲವಾ? ಪಾದ್ರಿಗಳು ಕೇಳಿದರೆ ಏನು ಹೇಳಲಿ?” ಎಂದ.

ಗುರುಗಳು ಅಳತೆಯ ನೂಲುಂಡೆಯನ್ನು ಅವನ ಕೈಗಿತ್ತರು.

“ಇಡೀ ಶಿಲುಬೆಯನ್ನು ಅಳೆದು ಬಾ. ಅದರಲ್ಲಿ ಮುರಿದದ್ದೆಷ್ಟು, ನೀನೇ ಹೇಳು.”