ಹಗುರ ಹರಿಗೋಲು

"ಬುದ್ಧಿ, ಲ್ಯಾಪ್‌ಟಾಪ್ ತೆಳ್ಳಗಿದ್ದರೆ ಶಕ್ತಿ ಕಡಿಮೆ, ಶಕ್ತಿ ಇದ್ದರೆ ತೂಕ ಜಾಸ್ತಿ, ಎರಡೂ ಹೊಂದಿಕೊಂಡರೆ ಬೆಲೆ ಕೈಗೆಟುಕುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಯಾವುದನ್ನು ನೋಡಬೇಕು?" ಎಂದು ಶಿಷ್ಯ ರೇವಯ್ಯ ಮಠದ ಗುರುಗಳನ್ನು ಕೇಳಿದ.

ಗುರುಗಳಿಗೆ ಸಿಟ್ಟು ಬಂತು. ಅದಕ್ಕೆ ಕಾರಣವೂ ಇತ್ತು. ಸುತ್ತಲಿನ ಹಳ್ಳಿಗಳ ಹಳೆಯ ಮನೆಗಳಲ್ಲಿ ಹಿಂದಿನವರು ಬರೆದಿಟ್ಟ ಓಲೆಗರಿಯ ಕಟ್ಟುಗಳಿದ್ದವು. ಅವು ಹೊಸ್ತಿಲು ದಾಟುವುದಕ್ಕೆ ಮನೆಯವರು ಬಿಡುವುದಿಲ್ಲ. ಮನೆಮನೆಗೆ ಹೋಗಿ, ಕೂತಲ್ಲೇ ಒಂದೊಂದು ಗರಿಯ ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಾ ಎಂದು ಅವರು ಈ ಶಿಷ್ಯನಿಗೆ ಕೆಲಸ ಒಪ್ಪಿಸಿ ಒಂದು ತಿಂಗಳಾಗಿತ್ತು. ಅವನು ಇನ್ನೂ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದ. ಒಂದು ಕಿಲೋಗಿಂತ ಕಡಿಮೆ ತೂಗುವುದೊಂದು ಅವನ ಮನಸ್ಸಿಗೆ ಹಿಡಿಸಿತ್ತು. ಎರಡೇ ಬೆರಳಲ್ಲಿ ಎತ್ತಿ ನೋಡಿದೆ ಎಂದು ಮಠದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಅಷ್ಟರಲ್ಲಿ ಒಂದು ಮನೆಯ ಕಟ್ಟನ್ನು ಗೆದ್ದಲು ತಿಂದು ಮುಗಿಸಿತ್ತು. ಸುದ್ದಿ ಆ ಬೆಳಿಗ್ಗೆಯಷ್ಟೇ ಮಠಕ್ಕೆ ಬಂದಿತ್ತು.

"ಕುಳಿತುಕೋ. ನಿನ್ನ ಹಾಗೆ ಬೆರಳಲ್ಲಿ ಎತ್ತಿ ನೋಡಿದವನೊಬ್ಬನ ಕತೆ ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ಹರಿಗೋಲು ದೊಡ್ಡದು. ಬಿದಿರಿನ ದಪ್ಪ ಹೆಣಿಗೆ, ಅದರ ಮೇಲೆ ಎರಡು ಪದರ ಚರ್ಮ. ಹತ್ತು ಜನ ಕೂತರೂ ಅದು ಜಗ್ಗುತ್ತಿರಲಿಲ್ಲ. ಆದರೆ ಹರಿಗೋಲು ಹೊಳೆಯನ್ನು ನೆಟ್ಟಗೆ ದಾಟುವುದಿಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿ ಕೆಳಗೆಲ್ಲೋ ಹೋಗಿ ದಡ ಮುಟ್ಟುತ್ತದೆ. ಜನ ಇಳಿದು ಮನೆಗೆ ಹೋಗುತ್ತಾರೆ. ಅಂಬಿಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮತ್ತೆ ಮೇಲಿನ ರೇವಿಗೆ ನಡೆಯಬೇಕು. ದಿನಕ್ಕೆ ಎಂಟು ಸಲ. ಅವನ ಕತ್ತು ನೋಯುತ್ತಿತ್ತು. ಅದು ಸುಳ್ಳಲ್ಲ, ಆ ನೋವಿನ ಬಗ್ಗೆ ನನಗೆ ತಕರಾರಿಲ್ಲ.

ಬೇಸಿಗೆ ಬಂತು. ಹೊಳೆಯಲ್ಲಿ ಮೊಣಕಾಲುದ್ದ ನೀರು, ಜನ ನಡೆದೇ ದಾಟಿದರು. ಬಿಡುವು ಸಿಕ್ಕ ಅಂಬಿಗ ಹರಿಗೋಲು ಹೆಣೆಯುವವನ ಮನೆಗೆ ಹೋಗಿ ಹೊಸದೊಂದು ಬೇಕೆಂದ. ಯಾರೇ ಬಂದರೂ ಹೆಣೆಯುವವರು ಮೊದಲು ಕೇಳುವ ಮಾತು ಒಂದೇ. ಅವನೂ ಅದನ್ನೇ ಕೇಳಿದ.

"ಎಷ್ಟು ಹೊರಬೇಕು?"

"ಆದಷ್ಟು ಕಡಿಮೆ" ಎಂದ ಅಂಬಿಗ.

ಹೆಣೆಯುವವನು ಕೇಳಿದ್ದು ಹರಿಗೋಲು ಹೊರುವ ಭಾರದ ಮಾತು. ಅಂಬಿಗ ಹೇಳಿದ್ದು ತನ್ನ ಕತ್ತು ಹೊರುವ ಭಾರದ ಮಾತು. ಜನರನ್ನು ದಾಟಿಸುವವನಿಗೆ ಇಂಥ ಹಗುರದ್ದು ಏಕೆ ಎಂದು ಹೆಣೆಯುವವನಿಗೆ ಅನುಮಾನ ಬರದೆ ಇರಲಿಲ್ಲ. ಆದರೆ ಬಿದಿರನ್ನು ತೆಳ್ಳಗೆ ಸೀಳುವುದಕ್ಕೆ, ಚರ್ಮವನ್ನು ತೆಳ್ಳಗೆ ಹೆರೆಯುವುದಕ್ಕೆ ಹೆಚ್ಚು ಕೆಲಸ, ಹೆಚ್ಚು ಬೆಲೆ. ಆ ಬೆಲೆಯ ರುಚಿಗೆ ಅವನು ಎರಡನೆಯ ಸಲ ಕೇಳಲಿಲ್ಲ. ಬಾಯಿಗೆ ಬಂದ ಪ್ರಶ್ನೆಯನ್ನು ಲಾಭಕ್ಕಾಗಿ ನುಂಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಂಬಿಗ ಎರಡು ಹರಿಗೋಲಿನ ಬೆಲೆ ತೆತ್ತ. ಸಾಲದ್ದಕ್ಕೆ ಹಳೆಯದನ್ನೂ ಕೊಟ್ಟುಬಿಟ್ಟ. ಹೆಣೆಯುವವನು ಅದರ ಚರ್ಮ ಬಿಚ್ಚಿ ಬೇರೆ ಕೆಲಸಕ್ಕೆ ಹಚ್ಚಿದ. ಬೇಸಿಗೆಯುದ್ದಕ್ಕೂ ಅಂಬಿಗ ಹೊಸ ಹರಿಗೋಲನ್ನು ಒಂದೇ ಕೈಯಲ್ಲಿ ಎತ್ತಿ ಕಂಡಕಂಡವರಿಗೆ ತೋರಿಸಿದ. ಊರೂ ಭಲೇ ಎಂದಿತು. ಒಳಗೆ ಎಷ್ಟು ಜನ ಕೂರಬಹುದೆಂದು ಒಬ್ಬನೂ ಕೇಳಲಿಲ್ಲ. ಕತ್ತೆಗಳು.

ಮೇಲೆ ಮಳೆಯಾಗಿ ಒಂದು ಬೆಳಿಗ್ಗೆ ಹೊಳೆ ತುಂಬಿತು. ಅದೇ ದಿನ ಆಚೆ ದಡದಿಂದ ಕೂಗು ಬಂತು. ಹೆಣೆಯುವವನ ಮಗಳನ್ನು ಆಚೆ ಊರಿಗೆ ಕೊಟ್ಟಿತ್ತು. ಅವಳಿಗೆ ಹೆರಿಗೆ ನೋವು, ಕೂಸು ಅಡ್ಡಲಾಗಿದೆ, ಸೂಲಗಿತ್ತಿ ಬೇಗ ಬರಬೇಕು. ಹೆಣೆಯುವವನು ಸೂಲಗಿತ್ತಿಯನ್ನು ಕರೆದುಕೊಂಡು ರೇವಿಗೆ ಓಡಿಬಂದ. ಅಂಬಿಗ ಹರಿಗೋಲನ್ನು ನೀರಿಗೆ ಇಳಿಸಿ ಹುಟ್ಟು ಹಿಡಿದು ಕೂತ. ಅವನೊಬ್ಬನ ಭಾರಕ್ಕೇ ಅದರ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲೆ ಉಳಿಯಿತು. ಸೂಲಗಿತ್ತಿ ಕಾಲು ಎತ್ತಿದಳು. ಹೆಣೆಯುವವನು ಅವಳ ತೋಳು ಹಿಡಿದು ನಿಲ್ಲಿಸಿದ.

"ಬೇಡ ಕಣವ್ವ. ಇದು ಇಬ್ಬರನ್ನ ಹೊರಲ್ಲ. ನಾನೇ ಮಾಡಿದ್ದು, ನಂಗೊತ್ತು."

"ಆದಷ್ಟು ಕಡಿಮೆ ಅಂತ ನಾನು ಹೇಳಿದ್ದು ನನ್ನ ಕತ್ತಿಗೆ" ಎಂದ ಅಂಬಿಗ.

"ಎಷ್ಟು ಹೊರಬೇಕು ಅಂತ ನಾನು ಕೇಳಿದ್ದು ಹರಿಗೋಲಿಗೆ" ಎಂದ ಹೆಣೆಯುವವನು.

ಸೂಲಗಿತ್ತಿ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಬಂದ ಸಿಟ್ಟು ಸಣ್ಣದಲ್ಲ.

"ಆ ಹೆಣ್ಣು ಒಂಬತ್ತು ತಿಂಗಳು ಹೊತ್ತಳಲ್ಲ, ಎಷ್ಟು ಹೊರಬೇಕು ಅಂತ ನಿಮ್ಮನ್ನ ಬಂದು ಕೇಳಿದ್ಲಾ? ತೂ ನಿಮ್ಮ!"

ಅಷ್ಟು ಹೇಳಿ ಅವಳು ದಡ ಹಿಡಿದು ಮೇಲಕ್ಕೆ ನಡೆದಳು. ಎರಡು ಹರದಾರಿ ಮೇಲೆ, ಹೊಳೆಗೆ ಅಡ್ಡಲಾಗಿ, ನೆರೆಯಲ್ಲೂ ಮುಳುಗದ ಒಂದು ಕಲ್ಲಿನ ಕಟ್ಟೆಯಿತ್ತು. ಅದರ ಮೇಲೆ ಹೊಳೆ ದಾಟಿ, ಮತ್ತೆ ಅಷ್ಟೇ ದೂರ ಕೆಳಕ್ಕೆ ನಡೆದು ಅವಳು ಆ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ತಾಯಿ ಬದುಕಿದಳು. ಕೂಸು ಬದುಕಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿಟ್ಟು ಇಳಿದಿರಲಿಲ್ಲ. ಶಿಷ್ಯನ ತೊಡೆಯ ಮೇಲೊಂದು ಹಾಳೆಯಿತ್ತು. ಅದನ್ನು ಎಳೆದುಕೊಂಡು ಓದಿದರು. ಒಂಬತ್ತು ಲ್ಯಾಪ್‌ಟಾಪುಗಳ ಹೆಸರು, ಪ್ರತಿಯೊಂದರ ಮುಂದೆ ದಪ್ಪ ಎಷ್ಟು, ತೂಕ ಎಷ್ಟು, ಬಣ್ಣ ಯಾವುದು, ಬೆಲೆ ಎಷ್ಟು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಊರುಗಳು ಎಷ್ಟು, ಗರಿಗಳು ಎಷ್ಟು, ಕರೆಂಟು ಇಲ್ಲದ ಮನೆಯಲ್ಲಿ ಲ್ಯಾಪ್‌ಟಾಪು ಎಷ್ಟು ಹೊತ್ತು ನಡೆಯಬೇಕು ಎಂಬುದು ಹಾಳೆಯ ಯಾವ ಮೂಲೆಯಲ್ಲೂ ಇರಲಿಲ್ಲ. ಹಾಳೆಯನ್ನು ತಿರುವಿ ಅದರ ಖಾಲಿ ಬೆನ್ನನ್ನು ಅವನ ಮುಂದೆ ಇಟ್ಟರು.

"ಈಗ ಹೇಳು ರೇವಯ್ಯ, ಎಷ್ಟು ಹೊರಬೇಕು?"