ಮೇಣ ಮೆತ್ತಿದ ಗಳಿಗೆ ಬಟ್ಟಲು

"ಗುರುಗಳೇ, ಕಾಯಿಲೆ ಬೀಳುವ ಮೊದಲು ಈ ಬೆಟ್ಟವನ್ನು ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದೆ. ಇಂದು ನಾಲ್ಕು ಕಡೆ ಕುಳಿತೆ. ಹಳೆಯ ಬಲ ಬರುವವರೆಗೆ ಹತ್ತುವುದನ್ನೇ ಬಿಟ್ಟುಬಿಡಲೇ?" ಎಂದು ಬೆಟ್ಟ ಹತ್ತಿಳಿದು ಬಂದ ಶಿಷ್ಯ ಈರಭದ್ರ ಕೇಳಿದ.

ಗುರುಗಳು ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಓಟಗಾರನಿದ್ದ. ಆ ಊರವರು ವರ್ಷಕ್ಕೊಮ್ಮೆ ದೊಡ್ಡ ಕೆರೆಯ ಸುತ್ತ ಪಂದ್ಯ ಕಟ್ಟಿ ಓಡುತ್ತಿದ್ದರು. ಹೊತ್ತು ಅಳೆಯಲು ಗಳಿಗೆ ಬಟ್ಟಲು ಇತ್ತು. ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ಕೊಳಗದ ನೀರಿನಲ್ಲಿ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಅದನ್ನೆತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡುತ್ತಿದ್ದರು. ಓಡುವವನ ಬಟ್ಟಲನ್ನು ಅವನ ಮನೆಯವರೇ ಕಾಯಬೇಕು, ಅದು ಅಲ್ಲಿನ ಪದ್ಧತಿ. ಮೂರನೆಯ ಸಲ ಮುಳುಗುವುದರೊಳಗೆ ಬಂದವನಿಗೆ ಕೆಂಪು ರುಮಾಲು. ನಮ್ಮ ಓಟಗಾರ ಏಳು ವರ್ಷ ಅದನ್ನು ಸುತ್ತಿದವನು. ಜಂಬವೂ ಸ್ವಲ್ಪ ಇತ್ತು, ಇರಲಿ.

ಎಂಟನೆಯ ವರ್ಷ ಅವನಿಗೆ ಜ್ವರ ಹಿಡಿಯಿತು. ವೈದ್ಯರು ಕೈಚೆಲ್ಲಿದರು. ಹೆಂಡತಿ ಚೆಲ್ಲಲಿಲ್ಲ. ಅದೇ ಬಟ್ಟಲನ್ನು ಹಾಸಿಗೆಯ ಪಕ್ಕ ತೇಲಿಬಿಟ್ಟು, ಅದು ಮುಳುಗಿದಾಗಲೆಲ್ಲ ಒಂದೊಂದು ಒಳಲೆ ಕಷಾಯ ಕುಡಿಸಿದಳು. ಆರು ತಿಂಗಳಿಗೆ ಅವನು ಎದ್ದು ನಿಂತ. ನಿಂತವನೇ ಈ ವರ್ಷವೂ ಓಡುತ್ತೇನೆಂದ. ಓಡಲಾಗದಿದ್ದರೆ ತಾನು ಯಾರು ಎಂಬ ಭಯ ಅವನದು.

ಪಂದ್ಯದ ದಿನ ಬೆಳಿಗ್ಗೆ ಅವನು ಯಾರಿಗೂ ಕಾಣದಂತೆ ತೂತು ಅರ್ಧ ಮುಚ್ಚುವಷ್ಟು ಜೇನುಮೇಣ ಮೆತ್ತಿದ. ಬಟ್ಟಲು ನಿಧಾನವಾಗಿ ಮುಳುಗಲಿ, ರುಮಾಲು ಉಳಿಯಲಿ ಎಂದುಕೊಂಡ. ಆಮೇಲೆ ಓಡಿದ. ಸ್ವಲ್ಪ ಓಡಿದ, ಬಹಳ ನಡೆದ, ಅಲ್ಲಲ್ಲಿ ಕುಳಿತ. ಏರಿಯ ಮೇಲೆ ಕೆರೆಯ ಗಾಳಿ ಮೈಗೆ ತಾಗಿದಾಗ ಒಂದಷ್ಟು ದೂರ ಮೇಣವನ್ನೂ ರುಮಾಲನ್ನೂ ಮರೆತು ಒಬ್ಬನೇ ನಕ್ಕ. ಬದುಕಿರುವುದು ಎಷ್ಟು ಚೆನ್ನಾಗಿದೆ ಎನಿಸಿತು.

ಅವನು ಬರುವಷ್ಟರಲ್ಲಿ ಉಳಿದವರೆಲ್ಲ ಮನೆಗೆ ಹೋಗಿದ್ದರು. ಹೆಂಡತಿ ಕೊಳಗದ ಮುಂದೆ ಕುಳಿತಿದ್ದಳು. ಬಟ್ಟಲಿನಿಂದ ಕಿತ್ತ ಮೇಣ ಅವಳ ಅಂಗೈಯಲ್ಲಿತ್ತು.

ಅವನ ಮುಖ ಸಣ್ಣದಾಯಿತು. "ಎಷ್ಟು ಸಲ ಮುಳುಗಿತು?" ಎಂದ.

"ಐದು ಸಲ. ಐದು ಸಲಾನೂ ಎತ್ತಿ ಬಿಟ್ಟೆ. ಆರು ತಿಂಗಳು ಎತ್ತಿದ ಕೈ ಇದು, ಇವತ್ತು ಐದಕ್ಕೆ ಸೋಲುತ್ತಾ? ಬಂದ್ರಲ್ಲ, ನಡೀರಿ, ಮುದ್ದೆ ಆರುತ್ತೆ."

ಅವನು ಬರಿದಲೆಯಲ್ಲೇ ನಗುತ್ತ ಅವಳ ಜೊತೆ ಮನೆಗೆ ನಡೆದ. ಮರುವರ್ಷವೂ ಓಡಿದ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರನ ಮುಖ ಅರಳಿತು. "ಹಾಗಾದರೆ ನಾಳೆಯೂ ಹತ್ತುತ್ತೇನೆ" ಎಂದ.

"ಹತ್ತು, ಮರಿ," ಎಂದರು ಗುರುಗಳು, "ಆದರೆ ಇಂದು ನೀನು ಕುಳಿತದ್ದು ನಾಲ್ಕು ಕಡೆಯಲ್ಲ, ಆರು ಕಡೆ, ನಾನು ಕೆಳಗೆ ನಿಂತು ನೋಡುತ್ತಲೇ ಇದ್ದೆ."