ಹೊಗೆಯೊಳಗಿನ ರೋಡಿಯಂ

ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಬರುವ ಮೊದಲು ರೇವಪ್ಪ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಹಳೆಯ ಕಾರುಗಳ ಹೊಗೆಕೊಳವೆ ಒಡೆದು ಅದರೊಳಗಿನ ಬೆಲೆಬಾಳುವ ಲೋಹ ಬೇರ್ಪಡಿಸುವುದು ಅವನ ಕೆಲಸ. ಆಳು ಒಳ್ಳೆಯವನು, ಆದರೆ ಮುಂಗೋಪಿ. ಆ ಕೋಪ ಕಳೆದುಕೊಳ್ಳಲೆಂದೇ ಆಶ್ರಮದ ಹಿರಿಯರಾದ ನೀಲವ್ವನವರ ಶಿಷ್ಯನಾಗಿದ್ದ.

ಒಂದು ಸಂಜೆ ನೀಲವ್ವ ಹೇಳಿದರು, "ರೇವಪ್ಪಾ, ಇನ್ನು ಮೇಲೆ ದಾಸೋಹದ ಅಡುಗೆಮನೆ ನೀನು ನೋಡಿಕೋ."

ರೇವಪ್ಪ ಹಿಂಜರಿದ. ಅಡುಗೆಮನೆಯೆಂದರೆ ಬೆಳಗಾದರೆ ಜಗಳ. ಪಾತ್ರೆಗೊಂದು, ಸೌದೆಗೊಂದು.

"ಬೇಡವ್ವಾ. ಗುಡ್ಡದ ಮೇಲಿನ ಕೋಣೆ ಕೊಡಿ. ಅಲ್ಲಿ ಒಬ್ಬನೇ ಇದ್ದರೆ ಮನಸ್ಸು ಶುದ್ಧವಾಗಿರುತ್ತದೆ."

ನೀಲವ್ವ ಒತ್ತಾಯ ಮಾಡಲಿಲ್ಲ. "ಅದೇನೋ ತೆಗೆಯುತ್ತಿದ್ದೆಯಲ್ಲ ಕಾರ್ಖಾನೆಯಲ್ಲಿ, ಬಂಗಾರಕ್ಕಿಂತ ಅಪರೂಪದ್ದು?"

"ರೋಡಿಯಂ!" ರೇವಪ್ಪನ ಮುಖ ಅರಳಿತು. "ಬೆಳ್ಳಿಯಂಥ ಬಿಳುಪು ಅವ್ವಾ. ಬೆಳ್ಳಿ ಕಪ್ಪಾಗುತ್ತದೆ, ಇದು ಆಗದು. ತುಕ್ಕು ಹಿಡಿಯದು. ಅಕ್ಕಸಾಲಿಗರು ಒಡವೆಗೆ ತೆಳ್ಳಗೆ ಇದರ ಲೇಪ ಕೊಟ್ಟರೆ ಫಳಫಳ ಅನ್ನುತ್ತದೆ."

"ಅಂಥದ್ದಕ್ಕೆ ಕಾರಿನ ಹೊಗೆಯಲ್ಲೇನು ಕೆಲಸ?"

"ಹೊಗೆಯಲ್ಲಿರುವ ವಿಷ ಇದನ್ನು ತಾಗಿದರೆ ಸಾದಾ ಗಾಳಿಯಾಗಿಬಿಡುತ್ತದೆ. ಚಿಟಿಕೆಯಷ್ಟಿದ್ದರೂ ಸಾಕು. ತಾನು ಮಾತ್ರ ಖರ್ಚಾಗುವುದಿಲ್ಲ."

"ಕೆಡುವುದೇ ಇಲ್ಲವೇ?"

"ಕೆಡದೆ ಏನು? ಜಿಡ್ಡು, ಮಸಿ ಮೆತ್ತಿಕೊಂಡರೆ ಕೆಲಸ ನಿಲ್ಲಿಸುತ್ತದೆ. ಆಗ ಸುಟ್ಟು, ಆಮ್ಲದಲ್ಲಿ ತೊಳೆದು ತೆಗೆಯುತ್ತೇವೆ. ಮತ್ತೆ ಹೊಸದು. ಮತ್ತೆ ಅದೇ ಹೊಗೆಗೆ..."

ರೇವಪ್ಪ ಅಡುಗೆಮನೆಯಿಂದ ಏಳುತ್ತಿದ್ದ ಹೊಗೆಯತ್ತ ತಿರುಗಿ ನೋಡಿದ. ನೀಲವ್ವ ನದಿ ನೋಡುತ್ತ ಕುಳಿತಿದ್ದರು.

ಮರುದಿನ ಅವನು ತಾನಾಗಿಯೇ ಅಡುಗೆಮನೆಗೆ ಹೋದ.

ಹೋದವನಿಗೆ ಅಲ್ಲಿ ಹಿಡಿಸಿಯೂಬಿಟ್ಟಿತು. ರೊಟ್ಟಿ ಬಡಿಯುವ ಕಲ್ಲವ್ವ ಎಲ್ಲರನ್ನೂ ಗದರುವವಳು. ಇವನು ತಗ್ಗಿದ ದನಿಯಲ್ಲಿ ಎರಡು ಮಾತಾಡಿದರೆ ಅವಳೂ ನಕ್ಕುಬಿಡುತ್ತಿದ್ದಳು. ಜಗಳ ಕಡಿಮೆಯಾಯಿತು. ಉಣ್ಣುವವರು ಇನ್ನೊಂದು ತುತ್ತು ಹೆಚ್ಚೇ ಉಣ್ಣತೊಡಗಿದರು.

ಆಮೇಲೊಂದು ಮಧ್ಯಾಹ್ನ ಜನ ಕಿಕ್ಕಿರಿದರು. ಹಸಿ ಸೌದೆ ಉರಿಯಲೊಲ್ಲದು, ಒಳಗೆಲ್ಲ ಹೊಗೆ. ಅದೇ ಹೊತ್ತಿಗೆ ಕಲ್ಲವ್ವ ಇವನು ಮಾಡಿದ ಸಾರು ನೆಕ್ಕಿ ನೋಡಿ, "ಇದೇನು, ಸಮುದ್ರವೇ?" ಅಂದಳು.

ರೇವಪ್ಪ ಸೌಟು ಬೀಸಿ ಎಸೆದ. ಬಾಯಿಗೆ ಬಂದದ್ದೆಲ್ಲ ಅಂದ. ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ನದಿಯ ಬಳಿ ಕುಳಿತಿದ್ದ ನೀಲವ್ವನವರ ಹತ್ತಿರ ಓಡಿದ.

"ಕೆಟ್ಟೆನವ್ವಾ. ಪಾಪ, ಆಕೆಯನ್ನು ಅಳಿಸಿಬಿಟ್ಟೆ. ನಾನೇನು ಲೋಹವೇ? ಈಗಲಾದರೂ ಗುಡ್ಡಕ್ಕೆ ಕಳಿಸಿ."

ನೀಲವ್ವ ಎದ್ದು ತಂಬಿಗೆಯಲ್ಲಿ ನೀರು ತುಂಬಿದರು. "ಕೈ ಚಾಚು," ಅಂದರು. ಮೆತ್ತಿದ್ದ ಒಲೆಯ ಮಸಿ ಹೋಗುವವರೆಗೂ ಸುರಿದರು. ಆಮೇಲೆ ತಮ್ಮ ಸೆರಗಿನಿಂದಲೇ ಒರೆಸಿದರು.

"ಹೋಗು, ಮೊದಲು ಕಲ್ಲವ್ವನನ್ನು ಮಾತಾಡಿಸು. ಮತ್ತೆ, ನಾಳೆ ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕು."